ಮಾವನ ಮೂಗು, ಅತ್ತೆಯ ಮೂಗು

ನಮ್ಮ ಮಾವನಿಗೆ ಮನುಷ್ಯರಿಗಿಂತ ನೊಣಗಳೇ ಹತ್ತಿರದ ನೆಂಟರು ಎಂದರೆ ಅತಿಯಾಯಿತು ಅನ್ನುತ್ತೀರಿ. ನೀವು ಅವರ ಜೊತೆ ಗೃಹಪ್ರವೇಶಕ್ಕೆ ಹೋಗಿಲ್ಲ, ಅದಕ್ಕೇ!

ಕಾಸರಗೋಡಿನಿಂದ ತಿರುವನಂತಪುರಕ್ಕೆ ಹೋಗಿ, ಅಲ್ಲಿನ ಸಂಶೋಧನಾಲಯವೊಂದರಲ್ಲಿ ಕೀಟಗಳ ಮೂಗು ಪರೀಕ್ಷಿಸುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡವರು ಅವರು. ಕೀಟಕ್ಕೆ ಮೂಗೆಲ್ಲಿ ಎಂದು ಕೇಳಿದಿರೋ, ಮುಗಿಯಿತು ನಿಮ್ಮ ಕಥೆ. ಅದರ ಕುಡಿಮೀಸೆಯೇ ಮೂಗಂತೆ. ಆ ಮೀಸೆಯ ರೋಮದೊಳಗೆ ನೀರಿನಂಥ ರಸ. ವಾಸನೆಗೆ ಈಜು ಬಾರದು. ಆಗ ಒಂದು ಪ್ರೋಟೀನು ಬಂದು ಅದನ್ನು ಎತ್ತಿಕೊಂಡು ಹೋಗಿ ನರಕ್ಕೆ ಮುಟ್ಟಿಸುತ್ತದಂತೆ.

"ಆ ಪ್ರೋಟೀನು ಇಲ್ಲದಿದ್ರೆ ಹೆಣ್ಣು ಪತಂಗ ಎಷ್ಟು ಫೆರೊಮೋನ್ ವಾಸನೆ ಬಿಟ್ಟು ಕರೆದ್ರೂ ಗಂಡಿಗೆ ಗೊತ್ತೇ ಆಗುದಿಲ್ಲ ಮಾರಾಯ!"

"ಪತಂಗದ ಸುದ್ದಿ ಎಂತಕ್ಕೆ?" ಅಡುಗೆಮನೆಯಿಂದ ಅತ್ತೆ. "ನಾನು ಊಟಕ್ಕೆ ಕರೆದು ಅರ್ಧ ಗಂಟೆ ಆಯ್ತು!"

ತಿರುವನಂತಪುರದ ಪಟ್ಟಂನ ಅವರ ಮನೆಯಲ್ಲಿ ಊದುಬತ್ತಿ, ಪೌಡರು, ಪರಿಮಳದ ಸಾಬೂನು ಎಲ್ಲ ನಿಷಿದ್ಧ. ಕೊಚ್ಚಿಯಿಂದ ಹೋದ ನನ್ನನ್ನು, ವಕೀಲನೆಂಬ ಮರ್ಯಾದೆಯೂ ಇಲ್ಲದೆ, ಬಾಗಿಲಲ್ಲೇ ಮೂಸಿ ಬಚ್ಚಲಿಗೆ ಅಟ್ಟಿದ್ದುಂಟು. ಅದೇ ಮಾವ ಕೊಚ್ಚಿಯ ಪಾಲಾರಿವಟ್ಟಂನ ನನ್ನ ಹೊಸ ಫ್ಲ್ಯಾಟಿನ ಗೃಹಪ್ರವೇಶಕ್ಕೆ ಬಂದದ್ದು, ಗಂಡು ನೊಣಗಳನ್ನು ಸೆಳೆಯುವ ಮದ್ದು ಚೆಲ್ಲಿಕೊಂಡಿದ್ದ ಅಂಗಿಯಲ್ಲಿ! ಪಕ್ಕದ ಮಾವಿನಮರದ ಹಣ್ಣುನೊಣಗಳೆಲ್ಲ ಕಿಟಕಿಯಿಂದ ಬಂದು ಅವರ ಹೊಟ್ಟೆಯ ಮೇಲೆ ಕುಳಿತವು. ಭಟ್ಟರಿಗೆ ಮಂತ್ರವೇ ತಪ್ಪಿತು. ಮಾವ ಮಾತ್ರ ಸಂತೃಪ್ತರು. "ಹೆದರ್ಬೇಡಿ, ಎಲ್ಲ ಗಂಡೇ!"

"ಒಂದು ಹೆಣ್ಣು ನೊಣವಾದ್ರೂ ಇವರನ್ನು ತಿರುಗಿ ನೋಡಿದ್ರೆ ಹೇಳಿ," ಎಂದರು ಅತ್ತೆ.

ಹೀಗೆ ಮಾತಿಗೆ ಮಾತು ಕೊಡುತ್ತಿದ್ದ ಅತ್ತೆಗೆ ಹೋದ ಮಳೆಗಾಲ ಜ್ವರ ಬಂತು. ಜ್ವರ ಹೋಯಿತು, ಜೊತೆಗೆ ವಾಸನೆಯೂ ಹೋಯಿತು. ಹಾಲು ಸೀದದ್ದು ತಿಳಿಯಲಿಲ್ಲ. ಒಮ್ಮೆ ಗ್ಯಾಸ್ ಸೋರಿದ್ದೂ ತಿಳಿಯಲಿಲ್ಲ. ಮತ್ತೆ ಬರುತ್ತದೆಂದು ಯಾವ ಡಾಕ್ಟರೂ ಭರವಸೆ ಕೊಡಲಿಲ್ಲ. ಅತ್ತೆ ಒಲೆಯ ಹತ್ತಿರ ಹೋಗುವುದನ್ನೇ ಬಿಟ್ಟರು. ಏನು ತಿಂದರೂ ಮಣ್ಣು ತಿಂದಂತೆ ಎಂದು ಊಟವನ್ನೂ ಬಿಡುತ್ತ ಬಂದರು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು.

ಮಾವ ಮಾಡಿದ್ದೇನು? ಪರೀಕ್ಷೆ! ಅತ್ತೆಯ ಕಣ್ಣಿಗೆ ಬಟ್ಟೆ ಕಟ್ಟಿ, ಇಂಗು, ಕಾಫಿಪುಡಿ, ಮಲ್ಲಿಗೆ ಒಂದೊಂದಾಗಿ ಮೂಗಿನ ಬಳಿ ಹಿಡಿದರು. "ಇಲ್ಲ." "ಇಲ್ಲ." ಮಲ್ಲಿಗೆಗೆ ಬರುವಾಗ ಬಟ್ಟೆ ಒದ್ದೆಯಾಗಿತ್ತು.

"ನಾನು ನಿಮ್ಮ ನೊಣ ಅಲ್ಲ," ಎಂದು ಎದ್ದು ಹೋದರು.

ನನಗೆ ಸಿಟ್ಟು ಬಂತು. "ಇಷ್ಟು ಓದಿ ಎಂತ ಬಂತು ಮಾವ?" ಎಂದುಬಿಟ್ಟೆ.

"ನೊಣದ್ದಾದ್ರೆ ಹೇಳ್ತಿದ್ದೆ. ಇವಳದ್ದು ನಂಗೆ ಗೊತ್ತಿಲ್ಲ ಮಾರಾಯ," ಎಂದರು. ಮಾವನ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು.

ಕಳೆದ ವಾರ ಹೋದಾಗ ಅಡುಗೆಮನೆಯಲ್ಲಿ ಮಾವನ ದನಿ! ಅತ್ತೆ ಸೌಟು ಹಿಡಿದು ನಿಂತಿದ್ದರು. ಮಾವ ಬಾಣಲೆಯ ಮೇಲೆ ಬಾಗಿ, ಕಣ್ಣು ಮುಚ್ಚಿ, ಮೂಗು ಚಾಚಿದ್ದರು.

"ಸಾಸಿವೆಯದ್ದು ಬಂತು. ಈಗ ಕರಿಬೇವು ಹಾಕು... ಹಾಂ, ಬಂತು. ಮೆಂತೆ ಇನ್ನೂ ಹಸಿ, ತಡಿ. ಈಗ... ಈಗ ನಿನ್ನಮ್ಮನ ಸಾರಿನ ಪರಿಮಳವೇ ಬಂತು ನೋಡು!"

"ಅಮ್ಮ ಸಾರಿಗೆ ಮೆಂತೆ ಹಾಕ್ತಿರ್ಲಿಲ್ಲ," ಎಂದರು ಅತ್ತೆ. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ನಗು ಕಂಡೆ.

ಮಾವನಿಗೊಂದು, ನನಗೊಂದು ತಟ್ಟೆ ಇಟ್ಟರು. ಆಮೇಲೆ ಮೂರನೆಯದನ್ನೂ ತಂದು, ತಮಗೂ ಅನ್ನ ಬಡಿಸಿಕೊಂಡರು.