ಅನುಮಾನ ಬಂದರೆ ಹಾಡು ನಿಲ್ಲಬೇಕು!

ನಮ್ಮ ಭಾವ ರೈಲ್ವೆಯಿಂದ ನಿವೃತ್ತರಾಗಿದ್ದಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಂಬಳ ನಿಂತಿದೆ, ಅಷ್ಟೇ! ಸಿಗ್ನಲ್ ವಿಭಾಗದಲ್ಲಿ ಆಯುಸ್ಸು ಸವೆಸಿದ ಈ ಮಹಾನುಭಾವರು ಚೆನ್ನೈ ಪಕ್ಕದ ಪಲ್ಲಾವರಂನ ತಮ್ಮ ಮನೆಯೊಳಗೆ ಇವತ್ತಿಗೂ ಡ್ಯೂಟಿಯಲ್ಲಿದ್ದಾರೆ. ಕೈಕೆಳಗೆ ನೌಕರರು ಇಬ್ಬರು. ಒಂದು ಅವರ ಸರ್ವರ್, ಇನ್ನೊಂದು ಪಕ್ಕದ ಬೀದಿಯಲ್ಲಿ ಮನೆ ಮಾಡಿದ ತಪ್ಪಿಗೆ ನಾನು!

ನನಗೆ ಸಿಟ್ಟು ಯಾಕೆ ಅಂತ ಹೇಳ್ತೀನಿ, ಆಮೇಲೆ ನೀವೇ ನ್ಯಾಯ ಹೇಳಿ. ನನ್ನ ಅಕ್ಕ, ಅಂದರೆ ಭಾವನ ಹೆಂಡತಿ, ಮಹಾ ಮಾತುಗಾರ್ತಿ. ಹೂವಿನವಳ ಹತ್ತಿರ ತಮಿಳಲ್ಲಿ ಶುರು ಮಾಡಿದ ಚೌಕಾಸಿಯನ್ನು ಕನ್ನಡದಲ್ಲಿ ಮುಗಿಸಿ ಗೆದ್ದು ಬರುತ್ತಿದ್ದವಳು. ಹೋದ ವರ್ಷ ಪಾರ್ಶ್ವವಾಯು ಬಡಿಯಿತು. ಕೋಲು ಹಿಡಿದು ನಡೆಯುವ ಮಟ್ಟಿಗೆ ಕಾಲು ವಾಪಸ್ಸು ಬಂತು, ಮಾತು ಬರಲಿಲ್ಲ. ಎಲ್ಲ ಅರ್ಥವಾಗುತ್ತದೆ, ಬಾಯಿ ತೆರೆಯುತ್ತಾಳೆ, ಪದ ಸಿಗುವುದಿಲ್ಲ. ಗೊತ್ತಿರುವ ಹಾಡುಗಳನ್ನು ಕೇಳಿಸುತ್ತಿರಿ, ಕೆಲವರಿಗೆ ಆ ದಾರಿಯಲ್ಲಿ ಮಾತು ಹೊರಡುತ್ತದೆ ಅಂತ ಡಾಕ್ಟರಮ್ಮ ಹೇಳಿದರು.

ಮಾಮೂಲಿ ಮನುಷ್ಯ ಏನು ಮಾಡ್ತಾನೆ? ಫೋನಿನಲ್ಲಿ ಹಾಡು ಹಾಕಿ ಪಕ್ಕದಲ್ಲಿಡ್ತಾನೆ. ಅದನ್ನೂ ಮಾಡಿದೆವು. ಅಕ್ಕ ಆ ಫೋನನ್ನು ಮಾತ್ರೆಡಬ್ಬಿಯ ಹಾಗೆ ಅತ್ತ ತಳ್ಳಿಬಿಟ್ಟಳು.

"ಪಕ್ಕದಲ್ಲಿಟ್ರೆ ಅದೂ ಔಷಧಿ ಆಗೋಗುತ್ತೆ ಕಣಮ್ಮ," ಅಂದರು ಭಾವ. "ಅವಳು ಯಾವ ರೂಮಿಗೆ ಹೋದ್ರೂ ಹಾಡು ಅಲ್ಲಿ ಮೊದಲೇ ಇರ್ಬೇಕು."

ಮಾತು ಚೆನ್ನಾಗಿತ್ತು, ನಾನು ಕಣ್ಣೊರೆಸಿಕೊಂಡೆ ಕೂಡ. ಆ ಶುಕ್ರವಾರ ಸಂತೆಗೆ ಸೊಪ್ಪು ತರಲು ಹೋದ ಮನುಷ್ಯ ಯಾರೋ ಬಿಸಾಡಿದ ಕಂಪ್ಯೂಟರನ್ನೂ ಜೋಡಿ ತಪ್ಪಿದ ಸ್ಪೀಕರುಗಳನ್ನೂ ಆಟೋದಲ್ಲಿ ಹೇರಿಕೊಂಡು ಬಂದಾಗ ಕಣ್ಣೀರು ಒಣಗಿ ಉರಿ ಶುರುವಾಯಿತು.

"ಸೊಪ್ಪೆಲ್ಲಿ ಭಾವ?"

"ಸೊಪ್ಪು ನಾಳೆನೂ ಸಿಗುತ್ತೆ. ಇದು ಸರ್ವರ್!"

ನನ್ನ ಮಗಳು ಇಣುಕಿ ನೋಡಿ, "ಪೆರಿಯಪ್ಪಾ, ಒರು ಬ್ಲೂಟೂತ್ ಸ್ಪೀಕರ್ ಪೋದುಮೇ!" ಅಂದಳು. ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಮಾತ್ರ, ಬಾಯಿಗೆ ತಮಿಳು.

"ಒಂದೇ ಸಾಕಾ? ಒಂದೇ ಸಿಗ್ನಲ್ ಇಟ್ಕೊಂಡು ತಾಂಬರಂವರೆಗೂ ರೈಲು ಓಡಿಸ್ತೀಯಾ?" ಅಂತ ಅವಳ ಮೇಲೇ ಹರಿಹಾಯ್ದರು.

ಅವರ ಯೋಜನೆ ಇಷ್ಟು. ಹಾಡುಗಳೆಲ್ಲ ಆ ಕಂಪ್ಯೂಟರಿನ ಹೊಟ್ಟೆಯಲ್ಲಿ, ಅದು ಸರ್ವರ್. ಹಾಲ್, ಅಡುಗೆಮನೆ, ಮಲಗುವ ಕೋಣೆಗೆ ಒಂದೊಂದು ಸ್ಪೀಕರ್, ಪ್ರತಿಯೊಂದಕ್ಕೂ ಅಂಗೈಯಷ್ಟು ಒಂದು ಬೋರ್ಡು, ಅದು ಕ್ಲೈಂಟ್. ಸರ್ವರ್ ವೈಫೈ ಮೂಲಕ ಹಾಡು ಕಳಿಸುತ್ತೆ, ಕ್ಲೈಂಟ್ ಹಿಡಿದುಕೊಂಡು ಹಾಡುತ್ತೆ. ಒಂದು ಕಡೆ ಬೇಯಿಸಿ ಮೂರು ಪಂಕ್ತಿಗೆ ಬಡಿಸಿದ ಹಾಗೆ. ಕೇಳೋಕೆ ಎಷ್ಟು ಸುಲಭ ಅಲ್ವಾ?

ಕರೆಂಟು ಹೋಗಿ ಬಂತು ನೋಡಿ, ಮನೆ ಗಪ್‌ಚುಪ್! ಸರ್ವರಿಗೆ ವೈಫೈನಲ್ಲಿ ಬೇರೆ ವಿಳಾಸ ಬಂದುಬಿಟ್ಟಿದೆಯಂತೆ, ಸ್ಪೀಕರುಗಳು ಹಳೇ ವಿಳಾಸದಲ್ಲಿ ಹುಡುಕುತ್ತಾ ಕೂತಿವೆಯಂತೆ. "ಭಾವ, ಅದು ಮೇಜು ಬಿಟ್ಟು ಅಲ್ಲಾಡಿಲ್ಲ, ಎಲ್ಲಿಗೆ ಹೋಗಿ ಬಂತು?" ಅಂದೆ. "ನಿನಗೆ ಅರ್ಥ ಆಗಲ್ಲ," ಅಂದರು. ಅದಕ್ಕೊಂದು ಕಾಯಂ ವಿಳಾಸ ಬರೆದುಕೊಡುವಷ್ಟರಲ್ಲಿ ವಾರ ಕಳೆಯಿತು. ಅಷ್ಟು ದಿನವೂ ಅಕ್ಕ ಸದ್ದಿಲ್ಲದ ಮನೆಯಲ್ಲಿ ಕೂತಿದ್ದಳು. ನನಗೆ ಮೈಯೆಲ್ಲಾ ಉರಿ!

ಆಮೇಲೆ ಬಂತು ಪರ್ಮಿಷನ್ ರಾಜ್ಯ. ಅಕ್ಕನಿಗೆ ಹೀಗಾದಾಗಿನಿಂದ ಆ ಮನೆಯ ಅಡುಗೆಯೂ ನನ್ನದೇ. ಮಿಕ್ಸಿಗೆ ಜಾಗ ಬೇಕು ಅಂತ ಅಡುಗೆಮನೆ ಸ್ಪೀಕರಿನ ಪ್ಲಗ್ ಕಿತ್ತೆ. ಭಾವ ಓಡಿ ಬಂದರು. "ಡಿಸ್ಕನೆಕ್ಷನ್ ಮೆಮೊ ಎಲ್ಲಿ?" ಸಿಗ್ನಲ್ ಕೆಲಸದಲ್ಲಿ ಏನನ್ನು ಬಿಚ್ಚಬೇಕಾದರೂ ಮೊದಲು ಬರೆದುಕೊಟ್ಟು, ಸ್ಟೇಷನ್ ಮಾಸ್ಟರು ಒಪ್ಪಿದ ಮೇಲೇ ಕೈ ಹಾಕಬೇಕಂತೆ. ನಾನು ಚಟ್ನಿ ರುಬ್ಬೋಕೆ ಅರ್ಜಿ ಬರೀಬೇಕಾ? ಬರೆದೆ ಸ್ವಾಮಿ, ಕ್ಯಾಲೆಂಡರಿನ ಹರಿದ ಹಾಳೆಯ ಹಿಂದೆ ಬರೆದೆ! "ಸಮಯ ಹಾಕಿಲ್ಲ," ಅಂತ ವಾಪಸ್ ಕೊಟ್ಟರು. ಅವತ್ತು ದೋಸೆಗೆ ಉಪ್ಪಿನಕಾಯೇ ಗತಿ.

ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಬೇರೆ. ರೈಲ್ವೆಯಲ್ಲಿ ಏನೇ ಕೆಟ್ಟರೂ ಸಿಗ್ನಲ್ ತಾನಾಗಿ ಕೆಂಪಾಗಬೇಕು, ಅನುಮಾನ ಬಂದರೆ ಗಾಡಿ ನಿಲ್ಲಬೇಕು. ಒಳ್ಳೆಯ ನಿಯಮ, ಜನರ ಪ್ರಾಣದ ಪ್ರಶ್ನೆ. ಭಾವ ಅದನ್ನೇ ತಂದು ಹಾಡಿಗೂ ಹಾಕಿದರು! ಮೂರರಲ್ಲಿ ಒಂದು ಸ್ಪೀಕರ್ ಚೂರು ತಡವರಿಸಿದರೂ ಸಾಕು, ಮೂರೂ ಬಂದ್. ಮಿಕ್ಸಿ ಹಾಕಿದರೆ ಬಂದ್. ಬೀರುವಿನ ಬಾಗಿಲು ತೆಗೆದರೆ ಬಂದ್. ತಲೆಯ ಮೇಲೆ ವಿಮಾನ ಹಾದರೂ ಬಂದ್ ಅಂತ ನಾನು, ಅದು ಕಾಕತಾಳೀಯ ಅಂತ ಅವರು.

ಒಂದು ದಿನ ಬೆಳಿಗ್ಗೆ ಅಕ್ಕ ಹಾಲ್‌ನಲ್ಲಿ ಕೂತಿದ್ದಾಳೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಹಾಡುತ್ತಿದ್ದ ಹಸೆಹಾಡು ಬರುತ್ತಿದೆ. ನಾನು ನೋಡುತ್ತಲೇ ಇದ್ದೇನೆ, ಅವಳ ತುಟಿ ಅಲುಗಿತು. ಗಂಟಲಲ್ಲಿ ಏನೋ ಎದ್ದು ಬಂತು. ಅಷ್ಟರಲ್ಲಿ ಹಾಡು ಟಕ್ಕಂತ ನಿಂತುಹೋಯಿತು. ಅಕ್ಕನ ತುಟಿಯೂ ನಿಂತಿತು. ತಲೆ ತಗ್ಗಿಸಿ ಕೂತುಬಿಟ್ಟಳು.

ನಾನು ಸೌಟು ಹಿಡಿದುಕೊಂಡೇ ನುಗ್ಗಿದೆ. "ಇದು ರೈಲಲ್ಲ ಭಾವ, ಹಾಡು! ತಪ್ಪಾದ್ರೆ ಯಾರೂ ಸಾಯಲ್ಲ! ಒಂದು ಸ್ಪೀಕರ್ ಹಾಳಾಗಿ ಹೋದ್ರೆ ಹೋಗ್ಲಿ, ಉಳಿದದ್ದು ಹಾಡ್ಲಿ! ನಿಮ್ಮ ಕೆಂಪು ದೀಪಕ್ಕೆ ಬೆಂಕಿ ಹಾಕ! ಅವಳ ಬಾಯಿಗೆ ಬಂದದ್ದನ್ನ ನೀವೇ ನಿಲ್ಲಿಸಿದ್ರಿ, ಗೊತ್ತಾ?"

ಭಾವನ ಮುಖ ಸಣ್ಣದಾಯಿತು. ಕೀಬೋರ್ಡ್ ಮುಂದೆ ಕೂತು ಆ ನಿಯಮವನ್ನು ಅಳಿಸಿದರು. ಆದರೂ ನನಗೆ ಕನಿಕರ ಬರಲಿಲ್ಲ.

ಮರುದಿನ ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಹಾಡು ನಿಲ್ಲಲಿಲ್ಲ, ನಿಜ. ಆದರೆ ಯಾರನ್ನೂ ಯಾರೂ ಕಾಯುತ್ತಿಲ್ಲ! ಹಾಲ್‌ನ ಸ್ಪೀಕರ್ ಚರಣಕ್ಕೆ ಹೋಗಿದೆ, ಅಡುಗೆಮನೆಯದು ಇನ್ನೂ ಪಲ್ಲವಿ ಎಳೆಯುತ್ತಿದೆ, ಮಲಗುವ ಕೋಣೆಯದು ಈಗ ಎದ್ದು ಶ್ರುತಿ ಹಿಡಿಯುತ್ತಿದೆ. ಭಾವ ಮೇಜಿನ ಕೆಳಗೆ ತೂರಿಕೊಂಡು, "ಒಂದ್ನಿಮಿಷ, ಸರಿಹೋಗುತ್ತೆ, ಒಂದ್ನಿಮಿಷ," ಅನ್ನುತ್ತಿದ್ದರು. ಅಕ್ಕ ಕೋಲೂರಿಕೊಂಡು ಬಂದು ಹಾಲ್‌ನ ಬಾಗಿಲಲ್ಲಿ ನಿಂತಳು. ಮೂರು ಕಡೆಯಿಂದಲೂ ಹಾಡು ಬಡಿಯುತ್ತಿತ್ತು. ಅವಳ ಮುಖ ಕೆಂಪೇರಿತು. ಕೋಲನ್ನು ನೆಲಕ್ಕೆ ಕುಟ್ಟಿದಳು.

"ರೀ!"

ನಾನು ಒಲೆ ಆರಿಸಿದೆ.

"ರೀ... ನಿ... ನಿಲ್ಸ್ರೀ!"

ಭಾವ ಮೇಜಿನ ಕೆಳಗಿಂದ ತಲೆ ಹೊರಗೆ ಹಾಕಿದರು, ಕೂದಲ ತುಂಬಾ ಜೇಡರ ಬಲೆ. ಎದ್ದು ಬಂದು ಅಕ್ಕನ ಮುಂದೆ ನಿಂತರು. ಇಷ್ಟು ತಿಂಗಳಿಂದ ಆ ಮನೆಯಲ್ಲಿ ಅವರನ್ನು ಯಾರೂ ಹಾಗೆ ಕರೆದಿರಲಿಲ್ಲ.

"ಏನೇ?" ಅಂದರು, ಮಗುವನ್ನು ಕೇಳುವ ಹಾಗೆ.

"ರೀ," ಅಂದಳು ಅಕ್ಕ ಮತ್ತೆ, ಇನ್ನೂ ಸಿಟ್ಟಿನಲ್ಲೇ.

ಹಾಡುಗಳು ಕಚ್ಚಾಡುತ್ತಲೇ ಇದ್ದವು. ನನಗೆ ತಡೆಯಲಾಗಲಿಲ್ಲ. "ನಿಲ್ಸಿ ಅಂತ ಬಾಯಿ ಬಿಟ್ಟು ಹೇಳ್ತಿದ್ದಾಳಲ್ಲ ಭಾವ, ಕೇಳಿಸ್ಲಿಲ್ವಾ?" ಅಂತ ಕಿರುಚಿದೆ.

"ಕೇಳಿಸ್ತು ಕಣಮ್ಮ," ಅಂದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ಕೇಳಿಸ್ತು."