ದ್ವೀಪದವರ ನೀರನ್ನು ತಿದ್ದಿದ್ದು

ಕುಡಿಯುವ ಚಟ ಇದ್ದವರಿಗೆ ಅದನ್ನು ಬಿಡಿಸುವ ಶಿಬಿರಗಳಿವೆ. ಎಲೆ ಅಡಿಕೆಯ ಚಟ ಇದ್ದವರಿಗೆ ಹೆಂಡತಿಯ ಬೈಗುಳವಿದೆ. ತಿದ್ದುವ ಚಟ ಇದ್ದವನಿಗೆ ಮಾತ್ರ ಈ ಲೋಕದಲ್ಲಿ ಯಾವ ಔಷಧವೂ ಇಲ್ಲ. ನನಗಿರುವುದು ಈ ಮೂರನೆಯದು. ಮದುವೆಯ ಪತ್ರಿಕೆ ಕೈಗೆ ಬಂದರೆ ಬೇರೆಯವರು ಮುಹೂರ್ತ ನೋಡುತ್ತಾರೆ, ನಾನು ಅಕ್ಷರ ನೋಡುತ್ತೇನೆ. ಒಮ್ಮೆ ಹೆಂಡತಿಯ ಅಣ್ಣನ ಮಗಳ ಮದುವೆಯ ಪತ್ರಿಕೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿ, ತಂದುಕೊಟ್ಟವರ ಕೈಗೇ ಮರಳಿ ಕೊಟ್ಟಿದ್ದೆ. ಮದುವೆಗೆ ಹೋದೆವು, ಊಟಕ್ಕೂ ಕೂತೆವು, ಆದರೆ ನನ್ನ ಎಲೆಗೆ ಎರಡನೆಯ ಸಲ ಯಾರೂ ಏನನ್ನೂ ಬಡಿಸಲಿಲ್ಲ. ಅದು ನನ್ನ ಹೊಟ್ಟೆಗೆ ಬಿದ್ದ ಪೆಟ್ಟು, ಸಹಿಸಿಕೊಂಡೆ. ಈಗ ಹೇಳಹೊರಟಿರುವುದು ಇನ್ನೊಬ್ಬರ ಅನ್ನಕ್ಕೆ ನಾನು ಕೈಹಾಕಿದ ಕಥೆ. ನಡುನಡುವೆ ನಗು ಬಂದರೆ ನಕ್ಕುಬಿಡಿ, ನನಗಂತೂ ಬರುತ್ತಿಲ್ಲ.

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದ ಮೇಲೆ ನಾನು ಮನೆಯಲ್ಲಿ ಕೂತು ಹೆಂಡತಿಯ ಮಾತನ್ನು ತಿದ್ದಲು ಶುರು ಮಾಡಿದೆ. ಒಂದು ತಿಂಗಳಿಗೆ ಅವಳೇ ಓಡಾಡಿ ನನಗೊಂದು ಕೆಲಸ ಹುಡುಕಿದಳು. ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ಮೇಲೇ ಬೀಳುತ್ತದೆ. ಅವರಿಗೆಂದು ಗೈಡುಗಳನ್ನು ಅಚ್ಚು ಹಾಕುವ ಒಂದು ಸಣ್ಣ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಜಗತ್ತಿನ ಸಮಸ್ತ ಜ್ಞಾನವನ್ನೂ ಒಂದು ಇಟ್ಟಂಗಿಯಷ್ಟು ದಪ್ಪಗೆ ಮಾಡಿ ಮಾರುವುದು ನಮ್ಮ ಪ್ರೆಸ್ಸಿನ ಉದ್ಯೋಗ. ಒಬ್ಬ ಕಾಲೇಜು ಉಪನ್ಯಾಸಕರು ಇಂಗ್ಲಿಷಿನಿಂದ ಅನುವಾದ ಮಾಡಿ ಕಳಿಸುತ್ತಿದ್ದರು, ನಾನು ತಿದ್ದುತ್ತಿದ್ದೆ. ಆ ಪುಣ್ಯಾತ್ಮರು ಬಹಳ ಅವಸರದ ಮನುಷ್ಯ. ಒಂದು ಸಲ ಉತ್ತರ ಧ್ರುವವನ್ನು ದಕ್ಷಿಣಕ್ಕೆ ಕಳಿಸಿದ್ದರು. ಅದನ್ನು ಹಿಡಿದು ಸ್ವಸ್ಥಾನಕ್ಕೆ ತಂದವನು ನಾನೇ, ಅಂದಿನಿಂದ ಪ್ರೆಸ್ಸಿನಲ್ಲಿ ನನ್ನ ಮಾತಿಗೆ ಎದುರಿರಲಿಲ್ಲ.

ಇನ್ನು ನಮ್ಮ ಮನೆಯ ನೀರಿನ ವಿಷಯ. ಕೆಲಗೇರಿಯ ಕಡೆಗಿರುವ ನಮ್ಮ ಓಣಿಗೆ ನಳ ಬರುವುದು ಎಂಟು ದಿನಕ್ಕೊಮ್ಮೆ. ಸ್ವಲ್ಪ ದೂರ ನಡೆದರೆ ಕಣ್ತುಂಬ ಕೆರೆ ಇದೆ, ಆ ಮಾತು ಬೇಡ. ಎಂಟು ದಿನ ಅನ್ನುವುದೂ ಬಾಯಿಮಾತು, ಎಲ್ಲೋ ಪೈಪು ಒಡೆದರೆ ಹತ್ತು, ಎಲ್ಲೋ ಕರೆಂಟು ಹೋದರೆ ಹನ್ನೊಂದು. ಊರಿನ ಕೆಲವು ಓಣಿಗಳಲ್ಲಿ ಇಪ್ಪತ್ತನಾಲ್ಕು ತಾಸೂ ನೀರು ಬರುತ್ತದಂತೆ. ಆ ಓಣಿಗಳ ಹೆಂಗಸರ ಜೊತೆ ನನ್ನ ಹೆಂಡತಿ ಹೆಚ್ಚು ಮಾತಾಡುವುದಿಲ್ಲ. ನಮ್ಮಲ್ಲಿ ಸೋಮವಾರ ಮಂಗಳವಾರ ಎಂಬ ವಾರಗಳಿಲ್ಲ, ನೀರು ಬಂದ ದಿನ, ಮರುದಿನ, ಮೂರನೆಯ ದಿನ ಎಂದೇ ಲೆಕ್ಕ. ಬೀಗರಿಗೆ ‘ನಳಾ ಬಂದ ಮರದಿನ ಬರ್ರಿ’ ಎಂದು ಮುಖದ ಮೇಲೇ ಹೇಳುತ್ತೇವೆ, ಅವರೂ ತಪ್ಪು ತಿಳಿಯುವುದಿಲ್ಲ, ಅವರ ಮನೆಯ ಹಣೆಬರಹವೂ ಅದೇ. ಅಕ್ಕಿ ತೊಳೆದ ನೀರು ಪಾತ್ರೆಗೆ, ಪಾತ್ರೆ ತೊಳೆದದ್ದು ಅಂಗಳಕ್ಕೆ. ಏಳನೆಯ ದಿನ ನನ್ನ ಗಡ್ಡ ನೋಡಿದವರು ಆರೋಗ್ಯ ವಿಚಾರಿಸುವುದಿಲ್ಲ, ‘ನಾಳೆ ನಳಾ ಏನ್ರಿ?’ ಎಂದು ಕೇಳುತ್ತಾರೆ. ಹೇಳುತ್ತ ಹೋದರೆ ತಮಾಷೆಯಾಗಿಯೇ ಕೇಳಿಸುತ್ತದೆ. ಆದರೆ ಖಾಲಿ ಡ್ರಮ್ಮಿನ ತಳದಿಂದ ತಂಬಿಗೆಯಲ್ಲಿ ನೀರು ತೋಡುವ ಸಪ್ಪಳ ದಿನಾ ಬೆಳಿಗ್ಗೆ ಕೇಳುತ್ತ ಏಳುವವನಿಗೆ ಬದುಕಿನ ಮೇಲೆ ಒಂದು ಬಗೆಯ ಬೇಸರ ಹುಟ್ಟುತ್ತದೆ. ಆ ಬೇಸರ ಹೋಗುವುದಿಲ್ಲ.

ಇಂಥ ಒಂದು ಹತ್ತನೆಯ ದಿನ ನನ್ನ ಮೇಜಿಗೆ ಪೆಸಿಫಿಕ್ ಮಹಾಸಾಗರದ ಒಂದು ದ್ವೀಪರಾಷ್ಟ್ರದ ಮೂಲಸೌಕರ್ಯಗಳ ಮೇಲಿನ ಅಧ್ಯಾಯ ಬಂತು. ಆ ದೇಶದ ಹೆಸರು ಹೇಳುವುದಿಲ್ಲ, ಅವರಿಗೆ ನನ್ನಿಂದ ಆದ ಅವಮಾನವೇ ಸಾಕು. ಓದುತ್ತ ಹೋದಂತೆ ಅವರು ನನಗೆ ಹತ್ತಿರದ ಸಂಬಂಧಿಕರಂತೆ ಕಂಡರು. ಅಂಚೆ, ಅಕ್ಕಿ, ಔಷಧ ಎಲ್ಲ ಹಡಗಿನಲ್ಲೇ ಬರಬೇಕು. ಹಡಗಿನ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿರುತ್ತಾರಂತೆ, ಹಡಗು ಮಾತ್ರ ತನಗೆ ಮನಸ್ಸು ಬಂದಾಗ ಬರುತ್ತದಂತೆ. ಎಣ್ಣೆಯ ಹಡಗು ತಡವಾದರೆ ಜನರೇಟರು ನಿಂತು ಇಡೀ ದ್ವೀಪ ಕತ್ತಲೆ. ಡಾಕ್ಟರು ದೋಣಿಯಲ್ಲಿ ಊರಿಂದೂರಿಗೆ ಹೋಗುತ್ತಾರೆ, ರೋಗಿ ಅಲ್ಲಿಯವರೆಗೆ ತಡೆದಿರಬೇಕು. ಅಯ್ಯೋ ಪಾಪ, ಇಷ್ಟು ದೂರ ಸಮುದ್ರದ ನಡುವೆಯೂ ನಮ್ಮವರಿದ್ದಾರಲ್ಲ ಎಂದು ನನ್ನ ಕರುಳು ಕರಗಿತು. ಅಷ್ಟರಲ್ಲಿ ಒಂದು ವಾಕ್ಯ ಅಡ್ಡ ಬಂತು: ‘ತೀವ್ರ ಕೊರತೆಯ ಕಾಲದಲ್ಲಿ ರಾಜಧಾನಿಗೆ ದಿನಕ್ಕೆ ಎರಡು ಗಂಟೆ ಮಾತ್ರ ನೀರು ಬಿಡಲಾಗುತ್ತದೆ.’

ನಾನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ದಿನಕ್ಕೆ ಎರಡು ಗಂಟೆ! ಅದೂ ತೀವ್ರ ಕೊರತೆಯಲ್ಲಿ! ಉತ್ತರ ಧ್ರುವವನ್ನು ದಕ್ಷಿಣಕ್ಕೆ ಕಳಿಸಿದ ಮನುಷ್ಯ ಇಲ್ಲೂ ಕೈಚಳಕ ತೋರಿಸಿದ್ದಾನೆ ಎಂದು ನನಗೆ ಸಂಶಯವೇ ಉಳಿಯಲಿಲ್ಲ. ಆದರೂ ಒಂದು ಮಾತು ಇರಲಿ ಎಂದು ಪ್ರೆಸ್ಸಿನ ಮಾಲಕರಿಗೆ ತೋರಿಸಿದೆ. ಅವರ ಮನೆ ಹುಬ್ಬಳ್ಳಿಯಾಚೆ ಗಬ್ಬೂರಿನ ಹತ್ತಿರ, ನೀರಿನ ವಿಷಯದಲ್ಲಿ ಅವರು ನನಗಿಂತ ಹೆಚ್ಚು ನೊಂದ ಜೀವ. “ದಿನಾ ಎರಡ ತಾಸ ಬಂದ್ರ ಅದಕ್ಕ ಕೊರತಿ ಅಂತ ಯಾರ ಅಂತಾರ್ರಿ ಮಾಸ್ತರ? ತಿದ್ದಿ ಬಿಡ್ರಿ” ಎಂದರು. ಮೂಲ ಇಂಗ್ಲಿಷ್ ಪುಸ್ತಕವನ್ನು ಉಪನ್ಯಾಸಕರ ಹತ್ತಿರ ಹೋಗಿ ನೋಡಬೇಕಿತ್ತು, ನೋಡುವವನೇ ಇದ್ದೆ. ಅಷ್ಟರಲ್ಲಿ ಹೆಂಡತಿಯ ಫೋನು ಬಂತು, ನಳ ಬಂದಿದೆ, ಮೋಟಾರು ಚಾಲೂ ಆಗುತ್ತಿಲ್ಲ, ಲಗೂನ ಬರಬೇಕು ಎಂದು. ‘ದಿನಕ್ಕೆ’ ಎಂಬುದನ್ನು ಹೊಡೆದು ‘ಎಂಟು ದಿನಕ್ಕೊಮ್ಮೆ’ ಎಂದು ಬರೆದು, ಪುಟದ ಕೆಳಗೆ ಸಹಿ ಮಾಡಿ ಓಡಿದೆ. ದಾರಿಯುದ್ದಕ್ಕೂ ಒಂದು ದೇಶಕ್ಕೆ ನ್ಯಾಯ ಒದಗಿಸಿದ ಸಮಾಧಾನವಿತ್ತು.

ಆ ದಿನ ನಮ್ಮ ಮೋಟಾರನ್ನು ಎಬ್ಬಿಸಿ ಕೂರಿಸಿದವರು ಇಮಾಮಸಾಬರು. ಓಣಿಯ ತುದಿಯಲ್ಲಿ ಅವರ ಮೋಟಾರು ರಿಪೇರಿ ಅಂಗಡಿ. ನಳ ಬಂದ ದಿನ ಅವರಿಗಿರುವ ಮರ್ಯಾದೆ ಯಾವ ಮಂತ್ರಿಗೂ ಇಲ್ಲ. ಅವರ ಹಿರಿಯ ಮಗಳು ರೇಷ್ಮಾ ಬಿ.ಕಾಂ. ಮುಗಿಸಿ ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ಅವರ ಮನೆಯಲ್ಲಿ ಹಗಲಿಡೀ ಸುತ್ತಿಗೆಯ ಸಪ್ಪಳ, ಹಾಗಾಗಿ ಓದಲು ನಮ್ಮ ಮಾಳಿಗೆಯ ಮೇಲೆ ಬರುತ್ತಿದ್ದಳು. ನೀರಿನ ಟ್ಯಾಂಕಿನ ನೆರಳು ಸರಿದಂತೆ ತಾನೂ ಸರಿಯುತ್ತ ಓದುವ ಹುಡುಗಿ. ಹಿಂದಿನ ಸಲಗಳಲ್ಲಿ ಸ್ವಲ್ಪದರಲ್ಲೇ ತಪ್ಪಿತ್ತು. ವಯೋಮಿತಿ ಮುಗಿಯುತ್ತ ಬಂದು ಇದೇ ಕೊನೆಯ ಸಲವಾಗಿತ್ತು. ಗೈಡು ಅಚ್ಚಾಗಿ ಬಂದ ದಿನ ಮೊದಲ ಪ್ರತಿಯನ್ನು ನಾನು ಅವಳಿಗೇ ಕೊಟ್ಟೆ, ಇದರಲ್ಲಿ ಒಂದು ಅಕ್ಷರ ತಪ್ಪಿಲ್ಲ, ಕಣ್ಣು ಮುಚ್ಚಿ ಓದು ಎಂದೆ. ಅವಳು ಗಟ್ಟಿಯಾಗಿ ಓದುವುದು ಕೆಳಗೆ ಅಡುಗೆಮನೆಗೂ ಕೇಳಿಸುತ್ತಿತ್ತು. ದ್ವೀಪದ ಅಧ್ಯಾಯ ಬಂದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಪಾಪ ಆ ಹೆಣ್ಮಕ್ಕಳು ಡ್ರಮ್ಮು ಎಲ್ಲಿಂದ ತರಿಸುತ್ತಾರೋ ಎಂದು ಮರುಗಿದಳು.

ಪರೀಕ್ಷೆಯಾಯಿತು. ಸರಿ ಉತ್ತರಗಳ ಪಟ್ಟಿ ಬಂದ ಮಧ್ಯಾಹ್ನ ರೇಷ್ಮಾ ಗೈಡನ್ನು ಎದೆಗವಚಿಕೊಂಡು ಬಂದಳು. ಮುಖದಲ್ಲಿ ದುಃಖವಿರಲಿಲ್ಲ, ಹುರುಪಿತ್ತು. ಆ ದೇಶದ ರಾಜಧಾನಿಗೆ ಕೊರತೆಯ ಕಾಲದಲ್ಲಿ ನೀರು ಹೇಗೆ ಬಿಡುತ್ತಾರೆ ಎಂಬ ಪ್ರಶ್ನೆ ಬಂದಿತ್ತಂತೆ. ದಿನಕ್ಕೆ ಎರಡು ಗಂಟೆ, ದಿನ ಬಿಟ್ಟು ದಿನ, ಎಂಟು ದಿನಕ್ಕೊಮ್ಮೆ, ಹಡಗಿನ ಮೂಲಕ ಎಂದು ನಾಲ್ಕು ಉತ್ತರ. ಅವಳು ಮೂರನೆಯದನ್ನು ಗುರುತು ಮಾಡಿದ್ದಳು, ಪಟ್ಟಿಯಲ್ಲಿ ಮೊದಲನೆಯದಿತ್ತು. “ಅವ್ರು ತಪ್ಪ ಕೊಟ್ಟಾರ್ರಿ ಕಾಕಾ. ಆಕ್ಷೇಪಣಿ ಹಾಕಾಕ ಒಂದ ವಾರ ಟೈಮ್ ಐತಿ. ನನ್ನ ಕಡೆ ಪುರಾವಿ ಐತಿ, ನೀವು ಸ್ವಲ್ಪ ಗಟ್ಟಿ ಭಾಷಾದಾಗ ಬರದ ಕೊಡ್ರಿ” ಎನ್ನುತ್ತ ಪುಟ ತೆರೆದು ನನ್ನ ಮುಂದಿಟ್ಟಳು. ಅವಳ ಪುರಾವೆ ಎಂದರೆ ನಾನು.

ಆ ಸಂಜೆಯೇ ಉಪನ್ಯಾಸಕರ ಮನೆಗೆ ಹೋಗಿ ಏನೋ ನೆಪ ಹೇಳಿ ಮೂಲ ಪುಸ್ತಕ ತೆಗೆಸಿದೆ. ದಿನಕ್ಕೆ ಎರಡು ಗಂಟೆ ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಜೊತೆಗೆ, ಇದರಿಂದ ಜನ ಬೀದಿಗಿಳಿದು ಪ್ರತಿಭಟಿಸಿದರು ಎಂಬ ಮುಂದಿನ ಸಾಲೂ ಇತ್ತು. ಆ ಸಾಲು ಓದಿದಾಗ ನನಗೆ ದ್ವೀಪದವರ ಮೇಲೆ ಸಿಟ್ಟು ಬಂತು. ಮರಳಿ ಬರುವಾಗ ಆ ಸಿಟ್ಟು ಇಳಿದು ರೇಷ್ಮಾ ನೆನಪಾದಳು. ಸೀದಾ ಇಮಾಮಸಾಬರ ಅಂಗಡಿಗೆ ಹೋಗಿ, ತಪ್ಪು ನನ್ನದು, ಆಕ್ಷೇಪಣೆ ನಿಲ್ಲುವುದಿಲ್ಲ ಎಂದು ಹೇಳಬೇಕು ಎಂದುಕೊಂಡೆ. ಅಂಗಡಿಯ ಮುಂದೆ ನಿಂತೂ ನಿಂತೆ. ಅವರು ಕೈಯ ಎಣ್ಣೆ ಒರೆಸಿಕೊಂಡು ಎದ್ದು, ಸ್ಟೂಲು ಹಾಕಿ, ನೀವು ಬರೆದರೆ ಆಯಿತು, ಇನ್ನು ನಮಗೆ ಚಿಂತೆಯಿಲ್ಲ ಎಂದರು. ನಾನು ಚಹಾ ಕುಡಿದು ಮನೆಗೆ ಬಂದೆ.

ಮರುದಿನ ಆಕ್ಷೇಪಣೆ ಬರೆಯಲು ಕೂತೆ. ಹೇಗಿದ್ದರೂ ತಿರಸ್ಕಾರವಾಗುತ್ತದೆ, ನಾಲ್ಕು ಸಾಲು ಗೀಚಿ ಕೊಟ್ಟರಾಯಿತು ಎಂಬುದು ಲೆಕ್ಕ. ಆದರೆ ಪೆನ್ನು ಹಿಡಿದ ಮೇಲೆ ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಮೊದಲ ವಾಕ್ಯ ಚೆನ್ನಾಗಿ ಬಂತು, ಅದಕ್ಕೆ ತಕ್ಕಂತೆ ಎರಡನೆಯದು ಬರಬೇಕಾಯಿತು. ದಿನವೂ ಎರಡು ಗಂಟೆ ನೀರು ಪಡೆಯುವ ಜನರನ್ನು ಕೊರತೆಯವರೆಂದು ಕರೆಯುವುದು, ನಿಜವಾಗಿ ಕೊರತೆಯನ್ನು ಉಂಡು ಉಟ್ಟವರಿಗೆ ಮಾಡುವ ಅಪಚಾರ ಎಂದು ಬರೆದಾಗ ನನಗೇ ಮೈ ಝುಂ ಎಂದಿತು. ಎರಡು ಪುಟ ತುಂಬಿತು. ರೇಷ್ಮಾ ಓದಿದಳು, ಅವರಪ್ಪನಿಗೆ ಓದಿ ಹೇಳಿದಳು, ಇಮಾಮಸಾಬರು ಅಂಗಡಿಗೆ ಬಂದವರಿಗೆಲ್ಲ ಓದಿಸಿದರು. ಮಗಳಿಗೆ ನೌಕರಿ ಆದಂತೆಯೇ ಎಂದು ಓಣಿಯೆಲ್ಲ ಮಾತಾಯಿತು.

ಆ ನಡುವೆ ರಾಯಾಪುರದ ಒಂದು ಕಾರ್ಖಾನೆಯ ಆಫೀಸಿನಿಂದ ಅವಳಿಗೆ ಕರೆ ಬಂತು. ದೊಡ್ಡ ಕೆಲಸವಲ್ಲ, ಆದರೆ ಕಾಯಂ ಆಗುವ ಕೆಲಸ, ಬಸ್ಸಿನಲ್ಲಿ ಹೋಗಿ ಬರುವ ದೂರ. ಎಂಟು ದಿನದೊಳಗೆ ಸೇರಬೇಕು. ಹೋಗಲೋ ಬೇಡವೋ ಎಂದು ಅವಳು ನನ್ನನ್ನೇ ಕೇಳಿದಳು. ಹೋಗವ್ವಾ, ಕಣ್ಣು ಮುಚ್ಚಿ ಹೋಗು ಎನ್ನಬೇಕಿತ್ತು. ಹಾಗೆಂದರೆ ಯಾಕೆ ಎಂದು ಕೇಳುತ್ತಾಳೆ, ಕೇಳಿದರೆ ಹೇಳಬೇಕಾಗುತ್ತದೆ. “ನೋಡವಾ, ನಿನ್ನ ಮನಸ್ಸಿಗೆ ಬಂದಂಗ ಮಾಡು” ಎಂದೆ. ಅವಳು ಬಿಟ್ಟುಬಿಟ್ಟಳು. ಆ ಎಂಟು ದಿನಗಳಲ್ಲಿ ದಿನಕ್ಕೊಂದರಂತೆ ಎಂಟು ಸಲ ನಾನು ಹೇಳಲು ಹೊರಟು ಎಂಟು ಸಲವೂ ಹಿಂದೆ ಬಂದೆ. ಆಮೇಲೆ ಆ ಕೆಲಸಕ್ಕೆ ಬೇರೆ ಯಾರೋ ಸೇರಿದರು ಎಂದು ತಿಳಿಯಿತು.

ಅಂತಿಮ ಪಟ್ಟಿಯಲ್ಲಿ ಆಕ್ಷೇಪಣೆಗೆ ಬೆಲೆ ಸಿಕ್ಕಿರಲಿಲ್ಲ. ರೇಷ್ಮಾಳ ಹೆಸರು ತಪ್ಪಿದ್ದು ಸರಿಯಾಗಿ ಆ ಒಂದು ಪ್ರಶ್ನೆಯಷ್ಟಕ್ಕೆ. ನಾಲ್ಕು ದಿನ ಅವಳು ಮಾಳಿಗೆಗೆ ಬರಲಿಲ್ಲ. ಐದನೆಯ ದಿನ ಮಧ್ಯಾಹ್ನ ಅಲ್ಲಿಟ್ಟಿದ್ದ ಚಾಪೆ, ಪುಸ್ತಕ ಒಯ್ಯಲು ಬಂದಾಗ ನಾನೂ ಹಿಂದೆಯೇ ಹತ್ತಿದೆ. ಗೋಡೆಯ ಕಡೆಗೆ ಮುಖ ಮಾಡಿ ಎಲ್ಲ ಹೇಳಿದೆ. ತಿದ್ದಿದವನು ನಾನು, ಪುಟದ ಕೆಳಗಿನ ಸಹಿ ನನ್ನದು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಪ್ಪು ಯಾರಿಂದಾದರೂ ಆಗುತ್ತದೆ, ದಿನಾ ನೀರು ಎಂದು ಬರೆದಿದ್ದರೆ ತಾನೂ ನಂಬುತ್ತಿರಲಿಲ್ಲ ಎಂದು ನನಗೇ ಸಮಾಧಾನ ಹೇಳಿದಳು. ಚಾಪೆ ಸುತ್ತುತ್ತಿದ್ದವಳು ಏನೋ ಹೊಳೆದಂತೆ ನಿಂತಳು.

“ಆಕ್ಷೇಪಣಿ ಬರಿಯುವಾಗ ನಿಮಗ ಇದು ಗೊತ್ತಿತ್ತೇನ್ರಿ ಕಾಕಾ?”

“ಗೊತ್ತಿತ್ತವಾ” ಎಂದೆ.

ಅವಳು ಚಾಪೆಯನ್ನು ಕೆಳಗಿಟ್ಟಳು. “ಗೊತ್ತಿದ್ದೂ ಅಷ್ಟ ಛಲೋ ಹ್ಯಾಂಗ ಬರದ್ರಿ? ಅದನ್ನ ಓದೇ ನಾ ರಾಯಾಪುರದ ಕೆಲಸ ಬಿಟ್ಟೆ.”

ಅವಳು ಅಳುತ್ತಿದ್ದಳು. ಅದು ನಾನು ನಾಚಿಕೆಯಿಂದ ಕಲ್ಲಾಗಿ ಹೋಗಬೇಕಾದ ಗಳಿಗೆ, ಅಷ್ಟು ನನಗೂ ತಿಳಿಯುತ್ತದೆ. ಆದರೆ ಇಷ್ಟೆಲ್ಲ ಹೇಳಿದ ಮೇಲೆ ಉಳಿದದ್ದನ್ನು ಮುಚ್ಚಿಟ್ಟು ಏನು ಮಾಡಲಿ? ಇಷ್ಟು ವರ್ಷ ಬೇರೆಯವರದನ್ನು ತಿದ್ದಿದ್ದೇ ಆಯಿತು, ನನ್ನ ಬರವಣಿಗೆಯನ್ನು ಯಾರೂ ಒಮ್ಮೆಯೂ ಹೊಗಳಿರಲಿಲ್ಲ. ‘ಅಷ್ಟ ಛಲೋ’ ಎಂಬುದು ಕಿವಿಗೆ ಬಿದ್ದದ್ದೇ ತಡ, ಆ ಅಪಚಾರದ ವಾಕ್ಯ ನನಗೆ ಹೇಗೆ ಹೊಳೆಯಿತೆಂದು ಅವಳಿಗೆ ವಿವರಿಸಲು ಬಾಯಿ ತೆರೆದಿದ್ದೆ. ಅವಳು ಚಾಪೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು, ಇಲ್ಲದಿದ್ದರೆ ಹೇಳಿಯೇ ಬಿಡುತ್ತಿದ್ದೆ.