ದೊಡ್ಡ ಪರೀಕ್ಷೆ ಪಾಸಾದ ಸೂಲಗಿತ್ತಿ

ಹೆರಿಗೆ ಮಾಡಿಸುವವಳು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಗಾಡಿ ಕಟ್ಟಿಕೊಂಡು ಅವಳ ಬಾಗಿಲಿಗೆ ಬರುತ್ತೆ. ಮಹಾರಾಜರ ಸರ್ಕಾರದವರು ನನ್ನನ್ನು ಹಿರಿಯೂರಿನ ಆಸ್ಪತ್ರೆಗೆ ಸೂಲಗಿತ್ತಿಯಾಗಿ ಹಾಕಿದ ದಿನದಿಂದ ಬರುತ್ತಲೇ ಇತ್ತು. ಜನ ನನ್ನನ್ನು ನರ್ಸಮ್ಮ ಅನ್ನುತ್ತಿದ್ದರು. ಸಿಟ್ಟು ಬಂದರೆ ಬೇರೆ ಏನೇನೋ ಅನ್ನುತ್ತಿದ್ದರು, ಅದು ಇಲ್ಲಿ ಬೇಡ.

ನಗುವ ಮುಂಚೆ ಒಂದು ಮಾತು. ನನ್ನ ಗಂಡ ತೀರಿಕೊಂಡಾಗ ಮಗಳಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ದುರ್ಗದಲ್ಲಿದ್ದ ನಮ್ಮಕ್ಕನ ಮಡಿಲಿಗೆ ಅವಳನ್ನು ಹಾಕಿ ಈ ಕೆಲಸ ಕಲಿಯಲು ಹೋದೆ. ಕಲಿತು ಬಂದಮೇಲೆ ನನ್ನ ಸಂಬಳಕ್ಕೆ ದಕ್ಕಿದ್ದು ಹಿರಿಯೂರಲ್ಲಿ ಒಬ್ಬ ಅಜ್ಜಿಯ ಮನೆಯ ಪಡಸಾಲೆಯ ಮೂಲೆ. ಯಾವಾಗ ಯಾರು ಕರೆಯುತ್ತಾರೋ ಗೊತ್ತಿಲ್ಲದ ಕೆಲಸ. ಮಗುವನ್ನು ತಂದು ಆ ಮೂಲೆಯಲ್ಲಿ ಒಂಟಿಯಾಗಿ ಬಿಟ್ಟು ಹೋಗುವುದು ಹೇಗೆ? ಮೇಲಿನ ಪರೀಕ್ಷೆ ಪಾಸು ಮಾಡಿದರೆ ಸಂಬಳ ಹೆಚ್ಚುತ್ತೆ ಅಂದರು. ಹೆಚ್ಚಿದರೆ ಒಂದು ಪುಟ್ಟ ಮನೆ ಹಿಡಿದು, ಮಗಳ ಜೊತೆಗಿರಲು ಒಬ್ಬ ಹೆಂಗಸನ್ನು ಗೊತ್ತುಮಾಡಿ, ಮಗಳನ್ನು ಕರೆತರಬಹುದು. ನನಗೆ ಬೇಕಾಗಿದ್ದು ಅಷ್ಟೇ. ದಿನಾ ಬೇರೆಯವರ ಕೂಸುಗಳನ್ನು ಎತ್ತಿ ಅವರವರ ತಾಯಿಯ ಪಕ್ಕ ಮಲಗಿಸಿ, ಬರಿಗೈಯಲ್ಲಿ ಆ ಮೂಲೆಗೆ ವಾಪಸು ಬರುವ ಸಂಕಟ ಅನುಭವಿಸಿದವರಿಗೇ ಗೊತ್ತು.

ಅಜ್ಜಿಯ ಅನುಮಾನ

ಬೆಂಗಳೂರಿಗೆ ಹೋಗಿ, ಓದಿ, ಪರೀಕ್ಷೆ ಕೊಟ್ಟು ಪಾಸು ಮಾಡಿಕೊಂಡು ಬಂದೆ. ಮನೆಯೊಡತಿ ಅಜ್ಜಿ ಹೊಸ್ತಿಲಲ್ಲೇ ಹಿಡಿದು ನಿಲ್ಲಿಸಿದರು.

"ಏನವ್ವ, ಇಷ್ಟು ದಿನ ಎಲ್ಲಿಗೋಗಿದ್ದೆ?"

"ಹೆರಿಗೆ ಕೆಲಸದ್ದೇ ದೊಡ್ಡ ಪರೀಕ್ಷೆ ಇತ್ತು ಅಜ್ಜಿ. ಹೊಸದಾಗಿ ಕಲಿತು ಬಂದೆ."

ಅಜ್ಜಿ ಒಂಬತ್ತು ಹೆತ್ತವರು. ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿ, ಆಚೀಚೆ ಯಾರೂ ಇಲ್ಲ ಅಂತ ನೋಡಿಕೊಂಡು ಮೆಲ್ಲಗೆ ಕೇಳಿದರು.

"ಹೊಸದಾಗೇನವ್ವ ಕಲಿಯಾದು? ಕೂಸುಗಳು ಬರೋ ದಾರಿ ಏನಾರ ಬದಲಾಗೈತಾ?"

ಯಲ್ಲದಕೆರೆಯ ಕರೆ

ಪಾಸಾದ ಮೇಲೆ ನನ್ನನ್ನು ಕರೆಯುವವರು ಹೆಚ್ಚುತ್ತಾರೆ ಅಂದುಕೊಂಡಿದ್ದೆ. ಆದದ್ದು ತಿರುಗುಮುರುಗು. ಊರಲ್ಲಿ ಹೆರಿಗೆಯಾದ ಸುದ್ದಿ ನನಗೆ ತೊಟ್ಟಿಲು ಕಟ್ಟಿದ ಮೇಲೆ ತಿಳಿಯುತ್ತಿತ್ತು. ಯಾಕೆ ಅಂತ ತಿಳಿಸಿದವನು ಯಲ್ಲದಕೆರೆಯಿಂದ ಗಾಡಿ ಹೊಡೆದುಕೊಂಡು ಬಂದ ಒಬ್ಬ ರೈತ.

"ನರ್ಸಮ್ಮಾರೇ, ಜಲ್ದಿ ಬರ್ರಿ. ನಮ್ಮ ಮನ್ಯಾಗೆ ಭಾಳ ಕಷ್ಟ ಆಗೈತೆ."

ಚೀಲ ಎತ್ತಿಕೊಂಡು ಗಾಡಿ ಹತ್ತಿದೆ. ಅರ್ಧ ದಾರಿಯಲ್ಲಿ, "ಚೊಚ್ಚಲಾ?" ಅಂತ ಕೇಳಿದೆ.

"ಅಲ್ರಿ, ಇದು ಮೂರನೇ ಸೂಲು. ಒಳ್ಳೆ ಹಾಲು ಕರಿಯೋ ಎಮ್ಮೆ."

ನನಗೆ ಮೈಯೆಲ್ಲ ಉರಿಯಿತು. "ಎಮ್ಮೆಗೆ ನಾನ್ಯಾಕಪ್ಪ?" ಅಂದೆ.

"ಮತ್ತೆ! ಹೆಂಗಸ್ರಿಗೆ ನಮ್ಮೂರ ಸೂಲಗಿತ್ತಿ ಸಾಕಲ್ರಿ. ದೊಡ್ಡ ಪರೀಕ್ಷೆ ಮಾಡ್ದೋರನ್ನ ಸಣ್ಣ ಕೆಲಸಕ್ಕೆ ಕರೆಯಾಕಾಗ್ತೈತಾ?"

ಇಳಿದು ನಡೆಯೋಣ ಅಂದರೆ ಬಿಸಿಲು. ಹೋದೆ. ಕರುವಿನ ಕಾಲು ಮಡಚಿಕೊಂಡಿತ್ತು, ಹೇಗೋ ಸರಿಮಾಡಿ ಎಳೆದೆ. ಎಮ್ಮೆಯೂ ಕರುವೂ ಉಳಿದವು. ಅವನು ಖುಷಿಯಲ್ಲಿ ತಂಬಿಗೆ ತುಂಬ ಗಿಣ್ಣುಹಾಲು ಕೊಟ್ಟು ಕಳಿಸಿದ. ನನ್ನ ಮಗಳಿಗೆ ಗಿಣ್ಣು ಅಂದರೆ ಪ್ರಾಣ ಅಂತ ಅಕ್ಕ ಒಮ್ಮೆ ಹೇಳಿದ್ದಳು. ನಾನೇ ನೋಡಿ ತಿಳಿದದ್ದಲ್ಲ. ದುರ್ಗ ಮುಟ್ಟುವಷ್ಟರಲ್ಲಿ ಅದು ಕೆಟ್ಟುಹೋಗುತ್ತೆ. ಕಾಯಿಸಿ, ಬೆಲ್ಲ ಹಾಕಿ, ಅಳುತ್ತಾ ನಾನೇ ತಿಂದೆ. ಮಾರನೆಯ ವಾರ ಆಸ್ಪತ್ರೆಯ ಜಗಲಿಯ ಮೇಲೆ ಇಬ್ಬರು ನನಗಾಗಿ ಕಾಯುತ್ತಿದ್ದರು. ಇಬ್ಬರೂ ಹಸು ಹಿಡಿದುಕೊಂಡು ಬಂದಿದ್ದರು.

ಗೋಡೆಯ ಆಚೆ

ಇಷ್ಟಾದರೂ ಸಂಬಳ ಮಾತ್ರ ಹೆಚ್ಚಲಿಲ್ಲ. ಕಚೇರಿಯ ಗುಮಾಸ್ತರನ್ನು ಕೇಳಿದರೆ, "ಜಿಲ್ಲೆಯ ದೊಡ್ಡ ಡಾಕ್ಟರು ನೀವು ಮಾಡಿಸೋ ಹೆರಿಗೆ ಒಂದನ್ನ ಕಣ್ಣಾರೆ ನೋಡಿ ಸೈ ಅನ್ನಬೇಕಮ್ಮ" ಅಂದರು. ಡಾಕ್ಟರು ಗಂಡಸು. ನಮ್ಮ ಸೀಮೆಯಲ್ಲಿ ಹೆರಿಗೆಯ ಕೋಣೆಗೆ ಕಟ್ಟಿಕೊಂಡ ಗಂಡನೇ ಇಣುಕುವಂತಿಲ್ಲ. ಈ ನಿಯಮ ಬರೆದವನ ಮನೆಯಲ್ಲಿ ಮಕ್ಕಳು ಎಲ್ಲಿ ಹುಟ್ಟಿದವೋ!

ಕೊನೆಗೆ ಪೇಟೆಯ ಒಬ್ಬ ವ್ಯಾಪಾರಿಯ ಮನೆಯಿಂದ ಕರೆ ಬಂದ ದಿನ ಡಾಕ್ಟರೂ ಊರಲ್ಲಿದ್ದರು. ನಾನು ಒಳಗೆ. ಬಸುರಿಯ ಅತ್ತೆ ಬಾಗಿಲಿಗೆ ಅಡ್ಡ ನಿಂತು, "ಬರ್ರಿ ಡಾಕ್ಟ್ರೇ, ಇಲ್ಲೇ ಕುಂತ್ಕಳ್ರಿ" ಅಂತ ಅವರನ್ನು ನಡುಮನೆಯ ಮಣೆಯ ಮೇಲೆ ಕೂರಿಸಿದರು. ಡಾಕ್ಟರು ಕರ್ತವ್ಯ ಬಿಡುವವರಲ್ಲ. ಕೂತಲ್ಲಿಂದಲೇ ಗೋಡೆಯ ಕಡೆ ಕೂಗಿದರು.

"ಕೈ ಚೆನ್ನಾಗಿ ತೊಳೆದುಕೊಂಡಿರಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಯಾಕ್ರಿ ಅವಸ್ರ, ಎಲೆ ಹಾಕಿದ ಮ್ಯಾಲೆ ತೊಳ್ಕಂಡ್ರಾತು" ಅಂದರು.

"ಕತ್ತರಿ ಕುದಿಸಿದಿರಾ?"

"ಅಯ್ಯೋ ಶಿವನೇ, ಅದನ್ನ ಯಾರು ತಿಂತಾರ್ರಿ? ಬ್ಯಾಳೆ ಕುದಿಸೀವಿ. ಹೋಳಿಗೆ ಮಾಡೀವಿ."

ಒಳಗೆ ಬಸುರಿಗೆ ಆ ನೋವಿನಲ್ಲೂ ನಗು ಉಕ್ಕಿತು, ಆ ನಗುವಿನ ಹಿಂದೆಯೇ ಕೂಸು ಬಂತು. ನಾನು ಎಲ್ಲವನ್ನೂ ಕ್ರಮವಾಗಿ ಮಾಡಿದ್ದೆ, ನೋಡಿದವರು ಮಾತ್ರ ಯಾರೂ ಇಲ್ಲ. ಮಾರನೆಯ ದಿನ ಗುಮಾಸ್ತರು ಡಾಕ್ಟರನ್ನು, "ಹೆರಿಗೆ ಹೇಗಿತ್ತು ಸ್ವಾಮಿ?" ಅಂತ ಕೇಳಿದರಂತೆ.

"ಹೋಳಿಗೆ ಚೆನ್ನಾಗಿತ್ತು. ನಾನು ಕಂಡದ್ದು ಅದನ್ನೇ" ಅಂದರಂತೆ.

ಹಟ್ಟಿಯ ಉಡುಗೊರೆ

ಆ ಹೋಳಿಗೆಯ ನಂತರ ನಾನು ಆಸೆ ಬಿಟ್ಟಿದ್ದೆ. ಮಗಳು ಅಕ್ಕನ ಮನೆಯಲ್ಲೇ ಬೆಳೆದು, ಅಲ್ಲಿಂದಲೇ ಮದುವೆಯಾಗಿ ಹೋಗುತ್ತಾಳೆ, ನಾನು ಅವಳ ಬಾಣಂತನಕ್ಕೆ ಸರ್ಕಾರಿ ಚೀಲ ಹಿಡಿದು ಹೋಗುವುದೇ ಸೈ ಅನ್ನಿಸಿತ್ತು. ಅಷ್ಟರಲ್ಲಿ ಧರ್ಮಪುರದ ಕಡೆಯ ಒಂದು ಕುರಿಗಾರರ ಹಟ್ಟಿಯಿಂದ ಕರೆ ಬಂತು. ಡಾಕ್ಟರು ಅಲ್ಲೇ ಹತ್ತಿರ ಮೊಕ್ಕಾಂ ಮಾಡಿದ್ದರು, ಸುದ್ದಿ ತಿಳಿದು ತಾವೇ ಬಂದರು.

ಆ ಹಟ್ಟಿಯಲ್ಲಿ ಹೆರಿಗೆ ಊರೊಳಗೆ ಆಗಕೂಡದು. ಬೇಲಿಯ ಆಚೆ ಒಂದು ಹುಲ್ಲುಗುಡಿಸಲಲ್ಲಿ ಆಗಬೇಕು. ಅದಕ್ಕೆ ಕದವೇ ಇಲ್ಲ. ಡಾಕ್ಟರು ಇಲ್ಲಿ ಗೋಡೆಯೂ ಇಲ್ಲ, ಅತ್ತೆಯೂ ಇಲ್ಲ ಅಂತ ನೆಟ್ಟಗೆ ಒಳಗೆ ಬಂದೇ ಬಿಟ್ಟರು. ನಾನು ಕೂಸನ್ನು ತೆಗೆದು ಹೊಕ್ಕುಳಬಳ್ಳಿ ಕತ್ತರಿಸಿದ್ದನ್ನು ಕಣ್ತುಂಬ ನೋಡಿ, "ಬಹಳ ಚೊಕ್ಕಟವಾಗಿದೆಯಮ್ಮ" ಅಂದರು. ನನ್ನ ಕಣ್ಣು ತುಂಬಿತು. ಆದರೆ ಡಾಕ್ಟರು ಹೊರಗೆ ಬರುತ್ತಲೇ ಹಟ್ಟಿಯ ಯಜಮಾನ ದೂರದಿಂದಲೇ ಕೈ ಅಡ್ಡ ಹಿಡಿದ.

"ಅಲ್ಲೇ ನಿಂತ್ಕಳ್ರಿ ಸ್ವಾಮೇರೇ. ಸೂತಕದ ಗುಡ್ಲಿಗೆ ಹೋಗಿ ಬಂದೀರಿ. ಪೂಜಾರಿ ಬಂದು ತೀರ್ಥ ಹಾಕಾ ಗಂಟ ಹಟ್ಟಿಯೊಳಗೆ ಬರಂಗಿಲ್ಲ."

"ಪೂಜಾರಿ ಎಲ್ಲಯ್ಯಾ?"

"ಕುರಿ ಹೊಡ್ಕಂಡು ಹೋಗ್ಯಾನೆ. ಬೈಗಿಗೆ ಬರ್ತಾನೆ."

ಅವರ ಗಾಡಿ, ಊಟದ ಬುತ್ತಿ ಎರಡೂ ಹಟ್ಟಿಯೊಳಗೆ. ಜಿಲ್ಲೆಯ ದೊಡ್ಡ ಡಾಕ್ಟರು ಸಂಜೆಯವರೆಗೆ ಬೇವಿನ ಮರದಡಿ ಕೂತರು. ನನಗೆ ಬಾಣಂತಿಯನ್ನು ನೋಡುವ ಕೆಲಸವಿತ್ತು, ಅದಕ್ಕೇ ಕೂಸನ್ನು ಅವರ ತೊಡೆಯ ಮೇಲೆ ಮಲಗಿಸಿದೆ. ಅದು ಅವರ ಕೋಟಿನ ಮೇಲೆ ಮಾಡಬೇಕಾದ್ದನ್ನೆಲ್ಲ ಮಾಡಿತು. ಬೈಗಿಗೆ ಪೂಜಾರಿ ಬಂದು ತೀರ್ಥ ಹಾಕಿದ. ಹಿಂದೆಯೇ ಯಜಮಾನನ ಹೆಂಡತಿ ಮೊರದಲ್ಲಿ ಅಕ್ಕಿ, ಬೆಲ್ಲ, ಕೊಬ್ಬರಿ, ಒಂದು ಹಸಿರು ರವಿಕೆ ಕಣ ಇಟ್ಟುಕೊಂಡು ಬಂದಳು. ನಾನು ಸೆರಗು ಒಡ್ಡಿದೆ. ಅವಳು ನನ್ನನ್ನು ದಾಟಿ ಡಾಕ್ಟರ ಮುಂದೆ ನಿಂತಳು. ತೀರ್ಥದ ತನಕ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡವರೇ ಸೂಲಗಿತ್ತಿ, ಅದು ಹಟ್ಟಿಯ ಕಟ್ಟಳೆ.

"ನನಗೆ ಬೇಡಮ್ಮ!" ಅಂತ ಡಾಕ್ಟರು ಎದ್ದರು.

"ಹಂಗನ್ನಬಾರ್ದು ರೀ, ಕೂಸಿಗೆ ಒಳ್ಳೇದಾಗಲ್ಲ. ಸೆರಗಿಲ್ಲದಿದ್ರೆ ಕೋಟಿನ ಚುಂಗು ಒಡ್ರಿ."

ಒಡ್ಡಿದರು. ಮುಂದಿನ ತಿಂಗಳೇ ನನ್ನ ಸಂಬಳ ಹೆಚ್ಚಿತು. ಕೆಲಸ ಮೆಚ್ಚಿಯೋ, ರವಿಕೆ ಕಣದ ಸುದ್ದಿ ದುರ್ಗ ಮುಟ್ಟದಿರಲಿ ಅಂತಲೋ, ನಾನು ಕೇಳಲಿಲ್ಲ.

ದುರ್ಗದ ಬೀದಿಯಲ್ಲಿ

ಮನೆ ಹಿಡಿದೆ. ಮಗಳ ಜೊತೆಗಿರಲು ಒಬ್ಬ ಹೆಂಗಸನ್ನು ಗೊತ್ತುಮಾಡಿದೆ. ಬುಟ್ಟಿಯಲ್ಲಿ ಹೊಸ ಲಂಗ, ಹೆಗಲಿಗೆ ಬಿಡಲಾರದ ಅಭ್ಯಾಸದಿಂದ ಅದೇ ಚೀಲ. ಗಾಡಿ ಮಾಡಿಕೊಂಡು ದುರ್ಗಕ್ಕೆ ಹೋದೆ. ಇಷ್ಟು ವರ್ಷ ನಾನು ಆ ಊರಿಗೆ ಹೋಗುತ್ತಿದ್ದುದು ಅಲ್ಲಿ ಯಾರಿಗಾದರೂ ಹೆರಿಗೆ ಕಷ್ಟವಾಗಿ ಕರೆಸಿದಾಗ ಮಾತ್ರ. ಆ ಕೆಲಸದ ನಡುವೆ ಒಂದು ಗಳಿಗೆ ಕದ್ದು ಮಗಳ ಮುಖ ನೋಡಿ ಬರುತ್ತಿದ್ದೆ. ಈ ಸಲ ಅವಳೊಬ್ಬಳಿಗಾಗಿಯೇ ಹೊರಟಿದ್ದೆ.

ಅವಳು ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ನನ್ನನ್ನು ಕಂಡಳು, ಚೀಲ ಕಂಡಳು. ನನ್ನ ಕಡೆಗೆ ಬರಲಿಲ್ಲ. ಬಿಲ್ಲೆ ಬಿಸಾಕಿ ಮನೆಮನೆಯ ಬಾಗಿಲು ಬಡಿಯುತ್ತಾ ಓಡಿದಳು.

"ಯಾರ ಮನ್ಯಾಗೆ ಹೆರಿಗೆ? ಜಲ್ದಿ ಹೇಳ್ರಿ! ನಮ್ಮವ್ವ ಬಂದಾಳೆ!"

ಪಕ್ಕದ ಮನೆಯ ಮುದುಕಿ ಕೋಲೂರಿಕೊಂಡು ಬಾಗಿಲಿಗೆ ಬಂದು, "ನಮ್ಮ ಮನ್ಯಾಗೆ ನಾನೊಬ್ಳೇ ಇರಾದು ಕಣವ್ವ, ನಂಗೇನಿಲ್ಲ!" ಅಂತ ನನಗೇ ಕೈಮುಗಿದಳು. ಬೀದಿಯೆಲ್ಲ ಹೊರಗೆ ಬಂದು ನಗುತ್ತಿತ್ತು. ನಾನು ಬುಟ್ಟಿ ಕೆಳಗಿಟ್ಟು, ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವಳ ಎರಡೂ ಕೈ ಹಿಡಿದುಕೊಂಡೆ.

"ಯಾರಿಗೂ ಇಲ್ಲ ಕಂದಾ. ನಾನು ಬಂದಿರಾದು ನಿಂಗೋಸ್ಕರ."

ಅವಳು ನನ್ನ ಮುಖ ನೋಡಿದಳು, ಚೀಲ ನೋಡಿದಳು, ಆಮೇಲೆ ಪಾಪ ಅನ್ನುವ ಹಾಗೆ ನನ್ನ ಕೆನ್ನೆ ಸವರಿದಳು.

"ತಡ ಮಾಡ್ದೆ ಕಣವ್ವ. ನಾನು ಆಗ್ಲೇ ಹುಟ್ಟೀನಲ್ಲ!"